60 ಸಾವಿರದೊಳಗೆ ಮೊದಲ ಕ್ಯಾಮೆರಾ: ಹಿತ್ತಲ ಹಕ್ಕಿಗೂ ಆಗಬೇಕು, ರಾತ್ರಿ ಯಕ್ಷಗಾನಕ್ಕೂ ಆಗಬೇಕು

ಹಿತ್ತಲಬಾಗಿಲು:
ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಹಳ್ಳಿ ನಮ್ಮದು. ನಾನು ಹೈಸ್ಕೂಲ್ ಟೀಚರ್. ಇಲ್ಲಿಯವರೆಗೆ ಫೋನಿನಲ್ಲೇ ಫೋಟೋ ತೆಗೆಯುತ್ತಿದ್ದೆ. ಈಗ ಒಂದು ಒಳ್ಳೆಯ ಕ್ಯಾಮೆರಾ ತಗೊಳ್ಳಬೇಕು ಅಂತಿದ್ದೇನೆ. ಬಜೆಟ್ 60 ಸಾವಿರ. ಎಳೆದಾಡಿದರೆ 65. ಅದರ ಮೇಲೆ ಹೋದರೆ ಮನೆಯಲ್ಲಿ ಮಹಾಭಾರತ.

ನನಗೆ ಬೇಕಾಗಿರುವುದು ಎರಡೇ. ಒಂದು, ಹಿತ್ತಲಿಗೆ ಮತ್ತು ಅಡಿಕೆ ತೋಟಕ್ಕೆ ಬರುವ ಹಕ್ಕಿಗಳು. ಪಿಕಳಾರ, ಕುಟ್ರು, ಮಿಂಚುಳ್ಳಿ, ಅಪರೂಪಕ್ಕೆ ಮಂಗಟ್ಟೆ. ಇನ್ನೊಂದು, ಯಕ್ಷಗಾನ. ನನ್ನ ಅಣ್ಣ ಹವ್ಯಾಸಿ ವೇಷಧಾರಿ. ಅವನ ವೇಷದ್ದು ಒಂದಾದರೂ ಸರಿಯಾದ ಫೋಟೋ ಬೇಕು ಅಂತ ಬಹಳ ದಿನದ ಆಸೆ. ಫೋನಿನಲ್ಲಿ ತೆಗೆದರೆ ಕಿರೀಟ ಬೆಳ್ಳಗೆ ಉರಿದುಹೋಗುತ್ತದೆ, ಮುಖ ಕಲಸಿದ ಹಾಗೆ ಬರುತ್ತದೆ.

ಶಿವಮೊಗ್ಗದಲ್ಲಿ ಎರಡು ಅಂಗಡಿಗೆ ಹೋಗಿದ್ದೆ. ಒಂದರಲ್ಲಿ "ಕ್ಯಾನನ್ 1500ಡಿ, ಎರಡು ಲೆನ್ಸ್ ಸಮೇತ, ಕಣ್ಣು ಮುಚ್ಚಿ ತಗೊಳ್ಳಿ ಮೇಡಂ" ಅಂದರು. ಇನ್ನೊಂದರಲ್ಲಿ "ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾದ ಕಾಲ ಮುಗಿಯಿತು, ಕನ್ನಡಿ ಇಲ್ಲದ (ಮಿರರ್‌ಲೆಸ್) ಕ್ಯಾನನ್ ಆರ್50 ತಗೊಳ್ಳಿ" ಅಂದರು. ತಂಗಿಯ ಗಂಡ ನಿಕಾನ್ ಪಿ950 ಅನ್ನುತ್ತಾರೆ, ಅದರಲ್ಲಿ ಚಂದ್ರನ ಮೇಲಿನ ಗುಂಡಿಗಳೂ ಕಾಣುತ್ತವಂತೆ. ಯಾರ ಮಾತು ಕೇಳಲಿ?

ಮೊಬೈಲ್‌ಮಂಜ:
60 ಸಾವಿರಕ್ಕೆ ಎಂಥಾ ಫೋನ್ ಬರುತ್ತದೆ ಗೊತ್ತಾ? ಅದನ್ನು ತಗೊಳ್ಳಿ. ಈ ಡಬ್ಬ ಹೊರುವ ಕರ್ಮ ಯಾಕೆ?

ಗಿರ್ಕಿ:
ಮಂಜಣ್ಣ, ಆ ಫೋನ್ ಹಿಡಿದುಕೊಂಡು ಆಲದ ಮರದ ತುದಿಯಲ್ಲಿರುವ ಮಂಗಟ್ಟೆ ಫೋಟೋ ತೆಗೆದು ಇಲ್ಲಿ ಹಾಕಿ. ನೋಡಿ ಸಂತೋಷಪಡುತ್ತೇವೆ.

ಮೊಬೈಲ್‌ಮಂಜ:
ಹಕ್ಕಿಗೆ ಆಗಲ್ಲ, ಒಪ್ಪಿದೆ. ಯಕ್ಷಗಾನಕ್ಕೆ ಧಾರಾಳವಾಗಿ ಆಗುತ್ತದೆ. ನೈಟ್ ಮೋಡ್ ಇದೆಯಲ್ಲ.

ಚೌಕಿಮನೆ:
ಆಗಲ್ಲ ಮಾರಾಯ್ರೆ. ನೈಟ್ ಮೋಡ್ ಅಂದರೆ ಫೋನ್ ಒಂದರ ಹಿಂದೆ ಒಂದು ಹಲವು ಫ್ರೇಮ್ ತೆಗೆದು ಸೇರಿಸುತ್ತದೆ. ನಿಂತ ಗೋಪುರಕ್ಕೆ ಅದು ಚೆನ್ನ. ಮಂಡಿ ಹಾಕಿ ಸುತ್ತುತ್ತಿರುವ ವೇಷಕ್ಕೆ ಹಾಗೆ ಮಾಡಿದರೆ ಮೇಡಂ ಹೇಳಿದ ಹಾಗೆ ಮುಖ ಕಲಸಿಹೋಗುತ್ತದೆ.

ಕಿರೀಟ ಉರಿಯುವ ಕಾರಣ ಬೇರೆ. ರಂಗದ ಹಿಂದೆ ಪೂರ್ತಿ ಕತ್ತಲು, ಮುಂದೆ ವೇಷದ ಮೇಲೆ ಮಾತ್ರ ಬೆಳಕು. ಕ್ಯಾಮೆರಾ ಒಟ್ಟು ಚಿತ್ರ ನೋಡಿ "ಅಯ್ಯೋ, ಬಹಳ ಕತ್ತಲು" ಅಂದುಕೊಂಡು ಬೆಳಕು ಏರಿಸುತ್ತದೆ. ಕತ್ತಲು ಬೂದಿ ಬಣ್ಣಕ್ಕೆ ಬರುತ್ತದೆ, ಕಿರೀಟದ ಮಿಂಚು ಸುಟ್ಟುಹೋಗುತ್ತದೆ. 60 ಸಾವಿರದ ಕ್ಯಾಮೆರಾ ತಂದರೂ ಆಟೋದಲ್ಲಿ ಇಟ್ಟರೆ ಇದೇ ಕಥೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅಂತ ಇರುತ್ತದೆ, ಅದನ್ನು ಮೈನಸ್ 1ಕ್ಕೆ ಇಳಿಸಿದರೆ ಅರ್ಧ ರೋಗ ವಾಸಿ. ಈಗಿರುವ ಫೋನಿನಲ್ಲೂ ಮುಖದ ಮೇಲೆ ಬೆರಳಿಟ್ಟು ಕೆಳಗೆ ಎಳೆಯಿರಿ. ಇವತ್ತೇ ವ್ಯತ್ಯಾಸ ಕಾಣುತ್ತದೆ.

ಹಿತ್ತಲಬಾಗಿಲು:
ಇಷ್ಟು ದಿನ ಇದನ್ನು ಯಾರೂ ಹೇಳಿರಲಿಲ್ಲ! ಅಣ್ಣನ ತಾಳಮದ್ದಳೆ ಇದೆ ಶನಿವಾರ. ಅಲ್ಲಿ ನೋಡುತ್ತೇನೆ.

ಗಿರ್ಕಿ:
ವೇಷವೇ ಇಲ್ಲದ ತಾಳಮದ್ದಳೆಯಲ್ಲಿ ಕಿರೀಟ ಎಲ್ಲಿ ಬಂತು ಟೀಚರ್ರೇ. ಪಂಚೆ ಶಾಲು ಉರಿಯುತ್ತದೋ ನೋಡಿ.

ಬೆಳಕಿಂಡಿ:
ಮೇಡಂ, ಅಂಗಡಿಯವರು ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ನೀವು ಏನು ತೆಗೆಯುತ್ತೀರಿ ಅಂತ ಇಬ್ಬರೂ ಕೇಳಿದ ಹಾಗಿಲ್ಲ. ನಿಮ್ಮ ಎರಡು ಆಸೆ ಒಂದಕ್ಕೊಂದು ಉಲ್ಟಾ. ಹಕ್ಕಿಗೆ ಉದ್ದದ ಲೆನ್ಸ್ ಬೇಕು, ಕಡಿಮೆ ಅಂದರೂ 300 ಎಂಎಂ (ಈ ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ). ರಾತ್ರಿ ಯಕ್ಷಗಾನದ ಆಟಕ್ಕೆ ಬೆಳಕು ಜಾಸ್ತಿ ಒಳಗೆ ಬಿಡುವ ಲೆನ್ಸ್ ಬೇಕು, ಎಫ್ 1.8 ಥರದ್ದು. ಎಫ್ ಅಂಕಿ ಸಣ್ಣದಾದಷ್ಟು ಬೆಳಕು ಜಾಸ್ತಿ. ಎರಡನ್ನೂ ಒಂದೇ ಲೆನ್ಸ್ ಮಾಡಬೇಕು ಅಂದರೆ 300 ಎಂಎಂ ಎಫ್ 2.8 ಇದೆ. ಅದರ ಬೆಲೆ ಲಕ್ಷಗಳಲ್ಲಿ. ಅದನ್ನು ಮರೆತುಬಿಡಿ.

ಒಂದು ಲೆಕ್ಕ ಹೇಳುತ್ತೇನೆ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. 50 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ ಕಿಟ್ ಲೆನ್ಸಿನಲ್ಲಿ ಐಎಸ್‌ಒ (ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನುವ ಅಂಕಿ) 12,800 ಬೇಕಾಗುವ ಕಡೆ ಇದರಲ್ಲಿ 1,300ರ ಆಸುಪಾಸು ಸಾಕು. ಮೊದಲನೆಯದರಲ್ಲಿ ಮುಖದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಎರಡನೆಯದರಲ್ಲಿ ಬಣ್ಣಗಾರಿಕೆಯ ಗೆರೆ ಗೆರೆಯೂ ಕಾಣುತ್ತದೆ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಎರಡರಲ್ಲೂ ಅದೇ.

ಆದ್ದರಿಂದ ದುಡ್ಡನ್ನು ಲೆನ್ಸಿಗೆ ಹಾಕಿ, ಉಳಿದದ್ದರಲ್ಲಿ ಬಾಡಿ ನೋಡಿ. ಅಂಗಡಿಯಲ್ಲಿ ಇದನ್ನೇ ತಿರುವುಮುರುವು ಮಾಡಿ ಹೇಳುತ್ತಾರೆ.

ಹೊಸಗಾಳಿ:
ಬೆಳಕಿಂಡಿ ಸರ್ ಹೇಳಿದ್ದು ಸರಿ. ಆದರೆ ಬಾಡಿ ಯಾವುದಾದರೂ ಆಯಿತು ಅನ್ನುವುದನ್ನು ಒಪ್ಪಲ್ಲ. 1500ಡಿ 2018ರ ಮಾಡೆಲ್. ಫೋಕಸ್ ಪಾಯಿಂಟ್ ಬರೀ 9. ಸ್ಕ್ರೀನ್ ತಿರುಗಲ್ಲ, ಟಚ್ ಇಲ್ಲ, 4ಕೆ ಇಲ್ಲ, ಮೈಕ್ ಚುಚ್ಚಲು ತೂತೂ ಇಲ್ಲ. ಆರ್50 ಹಕ್ಕಿಯನ್ನು ತಾನೇ ಗುರುತು ಹಿಡಿಯುತ್ತದೆ, ಕಣ್ಣು ಕಂಡರೆ ಕಣ್ಣಿಗೇ ಫೋಕಸ್ ಮಾಡುತ್ತದೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಏನಿದೆ?

ಮತ್ತೆ ಡಿಎಸ್‌ಎಲ್‌ಆರ್ ಕಡೆ ಕಂಪನಿಗಳೇ ತಿರುಗಿ ನೋಡುತ್ತಿಲ್ಲ. ಸೋನಿ 2021ರಲ್ಲೇ ನಿಲ್ಲಿಸಿತು. ಕ್ಯಾನನ್‌ನವರು 1ಡಿಎಕ್ಸ್ ಮಾರ್ಕ್ 3 ನಮ್ಮ ಕೊನೆಯ ದೊಡ್ಡ ಡಿಎಸ್‌ಎಲ್‌ಆರ್ ಅಂದುಬಿಟ್ಟರು. ನಿಕಾನ್ ತನ್ನ ಡಿ3500, ಡಿ5600 ಎರಡನ್ನೂ ಕೈಬಿಟ್ಟಿತು. ಮುಳುಗುವ ದೋಣಿಗೆ ಮೇಡಂ ಯಾಕೆ ಹತ್ತಬೇಕು?

ಕನ್ನಡಿಪ್ರೇಮಿ:
ಮುಳುಗುವ ದೋಣಿಯಂತೆ! ನನ್ನ ಹಳೇ ಡಿಎಸ್‌ಎಲ್‌ಆರ್ ಇವತ್ತು ಬೆಳಿಗ್ಗೆಯೂ ಮಿಂಚುಳ್ಳಿ ತೆಗೆಯಿತು. ಕಂಪನಿ ಹೊಸದು ಮಾಡಲ್ಲ ಅಂದ ಮಾತ್ರಕ್ಕೆ ಇದ್ದದ್ದು ಕೆಟ್ಟುಹೋಗುತ್ತದಾ? ಕಣ್ಣಿಟ್ಟು ನೋಡಿದರೆ ನಿಜವಾದ ಬೆಳಕು ಕಾಣುತ್ತದೆ, ಟಿವಿ ಅಲ್ಲ. ಬ್ಯಾಟರಿ ಒಂದು ಚಾರ್ಜಿಗೆ ದಿನಪೂರ್ತಿ ಬರುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಮಲೆನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಹೊಸಗಾಳಿ:
ಎರಡನೇ ಬ್ಯಾಟರಿ ಇಟ್ಟುಕೊಳ್ಳಿ ಸರ್.

ಕನ್ನಡಿಪ್ರೇಮಿ:
ಅದಕ್ಕೂ ದುಡ್ಡು ಅವರ 60ರೊಳಗೇ ಬರಬೇಕು ಸರ್. ಆರ್50 ಕಿಟ್ ಒಂದೇ ಆ 60 ಅನ್ನು ನುಂಗುತ್ತದೆ. ಅದರ ಜೊತೆ ಬರುವ 18-45 ಲೆನ್ಸ್ ಎಫ್ 4.5ರಿಂದ 6.3. ಹಕ್ಕಿಗೆ ಗಿಡ್ಡ, ಆಟಕ್ಕೆ ಕತ್ತಲು. ಎರಡು ಕೆಲಸದಲ್ಲಿ ಎರಡೂ ಆಗಲಿಲ್ಲ. ಕಣ್ಣು ಗುರುತು ಹಿಡಿಯಲು ಮೊದಲು ಹಕ್ಕಿ ಕಣ್ಣಳತೆಗೆ ಬರಬೇಕಲ್ಲ.

ಬೆಳಕಿಂಡಿ:
ಇದಕ್ಕೆ ಹೊಸಗಾಳಿಯವರು ಉತ್ತರ ಕೊಡಬೇಕು. ಕ್ಯಾನನ್ ಆರ್‌ಎಫ್ 100-400 ಒಳ್ಳೆಯ ಲೆನ್ಸ್, ಬರೀ 635 ಗ್ರಾಂ. ಆದರೆ ಅದೊಂದೇ ಇವರ ಬಜೆಟ್ ಮುಗಿಸುತ್ತದೆ.

ಹೊಸಗಾಳಿ:
ಹಂಗಾದರೆ ಆರ್100?

ಕನ್ನಡಿಪ್ರೇಮಿ:
ಅದರಲ್ಲೂ ಟಚ್ ಇಲ್ಲ, ಸ್ಕ್ರೀನ್ ತಿರುಗಲ್ಲ. ನೀವೇ 1500ಡಿಗೆ ಬೈದದ್ದು ಇದಕ್ಕೇ ಅಲ್ವಾ?

ಗಿರ್ಕಿ:
ಚೆಕ್.

ದೂರದರ್ಶಕ:
ಯಾರೂ ಪಿ950 ಬಗ್ಗೆ ಮಾತಾಡುತ್ತಿಲ್ಲ. ನಾನು ಅದರ ಅಣ್ಣ ಪಿ900 ಬಳಸುತ್ತಿದ್ದೇನೆ, 2015ರಲ್ಲಿ ಬಂದದ್ದು. 24ರಿಂದ 2000 ಎಂಎಂ, 83 ಪಟ್ಟು ಜೂಮ್. ಲೆನ್ಸ್ ಬದಲಿಸುವ ಗೋಜಿಲ್ಲ, ಧೂಳಿನ ಕಾಟ ಇಲ್ಲ. ಮಂಡಗದ್ದೆಯಲ್ಲಿ ತುಂಗೆ ಮಧ್ಯದ ಮರಗಳ ಮೇಲೆ ಬೆಳ್ಳಕ್ಕಿ ಕೂತಿರುತ್ತವಲ್ಲ, ದಡದಿಂದಲೇ ಕೊಕ್ಕಿನ ಬಣ್ಣ ಕಾಣುತ್ತದೆ. 300 ಎಂಎಂ ಹಿಡಿದು ಪಕ್ಕದಲ್ಲಿ ನಿಂತವರು ಬಿಳಿ ಚುಕ್ಕೆ ತೆಗೆದುಕೊಂಡು ಹೋದರು.

ಬೆಳಕಿಂಡಿ:
ಹಗಲು ಬೆಳಕಿನಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಅಷ್ಟು ಉದ್ದದ ಜೂಮ್ ಅಷ್ಟು ಸಣ್ಣ ಡಬ್ಬದಲ್ಲಿ ಹೇಗೆ ಬಂತು? ಬೆಳಕು ಹಿಡಿಯುವ ಸೆನ್ಸರ್ ಸಣ್ಣದು ಮಾಡಿದರು. ಅದರ ಅಳತೆ ಸುಮಾರು 6.2 ಮತ್ತು 4.6 ಮಿಲಿಮೀಟರ್. ನಿಕಾನ್ ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್ 23.5 ಮತ್ತು 15.6. ವಿಸ್ತೀರ್ಣದಲ್ಲಿ 13 ಪಟ್ಟು ಅಂತರ. ಸಂಜೆ ಆರಕ್ಕೆ ಅಡಿಕೆ ತೋಟದೊಳಗೆ ಹೋಗಿ ಪಿ900 ತೆಗೆಯಿರಿ, ಆಮೇಲೆ ಮಾತಾಡೋಣ. ಯಕ್ಷಗಾನದ ಮಾತೇ ಬೇಡ.

ದೂರದರ್ಶಕ:
ಯಕ್ಷಗಾನಕ್ಕೆ ಆಗಲ್ಲ, ಸರಿ. ತೋಟಕ್ಕೆ ಹನ್ನೊಂದು ಗಂಟೆಗೆ ಹೋದರಾಯಿತು.

ಗಿರ್ಕಿ:
ಹಕ್ಕಿಗೆ ಹನ್ನೊಂದು ಗಂಟೆಗೆ ಬರಲು ಪತ್ರ ಬರೆಯಬೇಕು.

ಹಿತ್ತಲಬಾಗಿಲು:
ನಮ್ಮ ತೋಟ ಬಹಳ ಕತ್ತಲು. ಹನ್ನೊಂದು ಗಂಟೆಗೂ ನೆಲಕ್ಕೆ ಬಿಸಿಲು ಬೀಳಲ್ಲ. ಪಿ950 ಬೇಡ ಅನ್ನಿಸುತ್ತಿದೆ, ತಂಗಿಯ ಗಂಡನಿಗೆ ಹೇಗೆ ಹೇಳುವುದೋ. ಇನ್ನೊಂದು ಪ್ರಶ್ನೆ: ಅಂಗಡಿಯವರು ಮೆಗಾಪಿಕ್ಸೆಲ್ ಮೆಗಾಪಿಕ್ಸೆಲ್ ಅನ್ನುತ್ತಾರಲ್ಲ, ಎಷ್ಟಿರಬೇಕು?

ಬೆಳಕಿಂಡಿ:
ತಲೆ ಕೆಡಿಸಿಕೊಳ್ಳಬೇಡಿ. 24 ಮೆಗಾಪಿಕ್ಸೆಲ್ ಫೋಟೋ ಅಂದರೆ 6000 ಮತ್ತು 4000 ಚುಕ್ಕೆ. ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಹಾಕಿಸಿದರೆ 20 ಇಂಚು ಅಗಲ, 13 ಇಂಚು ಎತ್ತರ ಬರುತ್ತದೆ. ನಿಮ್ಮ ಮನೆ ಪಡಸಾಲೆಗೆ ಸಾಕು. ಇಲ್ಲಿ ಮಾತಾಡುತ್ತಿರುವ ಬದಲಾಯಿಸಬಹುದಾದ ಲೆನ್ಸಿನ ಕ್ಯಾಮೆರಾಗಳೆಲ್ಲ ಅಷ್ಟನ್ನು ಕೊಡುತ್ತವೆ.

ಹಳೇಗಿರಾಕಿ:
ತಡವಾಗಿ ಬಂದೆ. ಎಲ್ಲರೂ ಹೊಸದರ ಸುತ್ತಲೇ ಸುತ್ತುತ್ತಿದ್ದೀರಿ. ಈ ಬಜೆಟ್‌ಗೆ ಉತ್ತರ ಸೆಕೆಂಡ್ ಹ್ಯಾಂಡ್. ನಮ್ಮಲ್ಲಿ ಒಂದು ಕಾಲಕ್ಕೆ ನಿಕಾನ್ ಡಿ5600 ಜೊತೆ 18-55 ಮತ್ತು ಎಎಫ್-ಪಿ 70-300 ಎರಡೂ ಸೇರಿಸಿ ಮಾರುತ್ತಿದ್ದರು. ಬಹಳ ಜನ ತಗೊಂಡು, ಊಟಿಗೆ ಒಂದು ಸಲ ಒಯ್ದು, ಬೀರುವಿನಲ್ಲಿ ಇಟ್ಟರು. ಈಗ ಅವೆಲ್ಲ ಹೊರಗೆ ಬರುತ್ತಿವೆ. ನಿಮ್ಮ 60ರೊಳಗೆ ಈ ಸೆಟ್ಟೂ ಬರುತ್ತದೆ, 50 ಎಂಎಂ ಎಫ್ 1.8 ಲೆನ್ಸೂ ಬರುತ್ತದೆ, ಕಾರ್ಡು, ಬ್ಯಾಗಿಗೂ ಮಿಗುತ್ತದೆ. 24 ಮೆಗಾಪಿಕ್ಸೆಲ್, ಟಚ್ ಇದೆ, ಸ್ಕ್ರೀನ್ ತಿರುಗುತ್ತದೆ, ಫೋಕಸ್ ಪಾಯಿಂಟ್ 39. ಹಳೇ 35 ಎಂಎಂ ಫಿಲ್ಮಿಗಿಂತ ಸೆನ್ಸರ್ ಸಣ್ಣದಿರುವುದರಿಂದ 300 ಎಂಎಂ ಇದರಲ್ಲಿ 450ರ ಹಾಗೆ ಕಾಣುತ್ತದೆ. ಹಿತ್ತಲ ಹಕ್ಕಿಗೆ ಸಾಕು.

ಲೆನ್ಸ್ ಅಂದರೆ ತೋಟ, ಬಾಡಿ ಅಂದರೆ ವರ್ಷದ ಫಸಲು. ತೋಟ ಚೆನ್ನಾಗಿದ್ದರೆ ಫಸಲು ಮತ್ತೆ ಬರುತ್ತದೆ.

ತಿರುಪುಮೊಳೆ:
ಒಂದು ಎಚ್ಚರಿಕೆ. 50 ಎಂಎಂ ಎಫ್ 1.8 ನಿಕಾನ್‌ನಲ್ಲಿ ಎರಡು ಥರ ಇದೆ. ಡಿ ಮತ್ತು ಜಿ. ಡಿ ಅಗ್ಗ, ಆದರೆ ಅದರೊಳಗೆ ಮೋಟಾರ್ ಇಲ್ಲ. ಡಿ5600 ಬಾಡಿಯಲ್ಲೂ ಮೋಟಾರ್ ಇಲ್ಲ. ಎರಡೂ ಸೇರಿದರೆ ಆಟೋಫೋಕಸ್ ಸೊನ್ನೆ, ಕೈಯಲ್ಲೇ ತಿರುಗಿಸಬೇಕು. ಜಿ ತಗೊಳ್ಳಿ. ಮಾರುವವರು "ನಿಕಾನ್ 50 ಎಂಎಂ, ಚಿಂದಿ ರೇಟ್" ಅಂತ ಹಾಕಿದ್ದರೆ ಹೆಚ್ಚಾಗಿ ಅದು ಡಿ.

ಹೊಸಗಾಳಿ:
ವಾರಂಟಿ ಇಲ್ಲದ, ಕಂಪನಿಯೇ ಕೈಬಿಟ್ಟ ಕ್ಯಾಮೆರಾವನ್ನು ಹೊಸಬರಿಗೆ ಕೊಡಿಸುತ್ತಿದ್ದೀರಿ. ಕೆಟ್ಟರೆ ಯಾರು ನೋಡುತ್ತಾರೆ?

ಹಳೇಗಿರಾಕಿ:
ಕೆಡದಿರುವುದನ್ನು ನೋಡಿ ತಗೊಳ್ಳಬೇಕು ಅಷ್ಟೆ. ಹೇಗೆ ಅಂತ ಹೇಳುತ್ತೇನೆ. ಕ್ಯಾಮೆರಾದಲ್ಲಿ ಈಗಷ್ಟೇ ತೆಗೆದ ಒಂದು ಜೆಪೆಗ್ ಕೇಳಿ ಪಡೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ವಿವರ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನಿಕಾನ್ ಫೈಲಿನೊಳಗೆ ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಫೋಟೋ ತೆಗೆದಿದೆ ಅಂತ, ಬರೆದಿರುತ್ತದೆ. ಈ ದರ್ಜೆಯ ಬಾಡಿಯ ಶಟರ್ ಆಯಸ್ಸು ಸುಮಾರು 1 ಲಕ್ಷ ಫೋಟೋ ಅಂತ ಲೆಕ್ಕ. 10-15 ಸಾವಿರ ಆಗಿದ್ದರೆ ಹೊಸದರ ಹಾಗೇ. 80 ಸಾವಿರ ದಾಟಿದ್ದರೆ ಅದು ಮದುವೆ ಮನೆಯಲ್ಲಿ ದುಡಿದ ಕ್ಯಾಮೆರಾ, ಬಿಡಿ.

ಲೆನ್ಸನ್ನು ಬಾಡಿಯಿಂದ ತೆಗೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ನಮಸ್ಕಾರ ಹೇಳಿ ಎದ್ದು ಬನ್ನಿ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಆಮೇಲೆ ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ, ಸೆನ್ಸರ್ ಮೇಲಿನ ಕಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್, ಬಾಡಿ ಕೆಳಗಿರುವ ನಂಬರ್ ಎರಡೂ ಒಂದೇ ಇರಬೇಕು. ಬಿಲ್ ಇಲ್ಲ ಅಂದರೆ ಕದ್ದ ಮಾಲೂ ಆಗಿರಬಹುದು.

ಟೋಕಿಯೋಕನ್ನಡಿಗ:
ಇಲ್ಲಿ ಹಳೇ ಕ್ಯಾಮೆರಾ ಅಂಗಡಿಗಳು ಸ್ವರ್ಗ. ಊರಿಗೆ ಬರುವಾಗ ನೆಂಟರಿಗೆಲ್ಲ ತರುತ್ತಿದ್ದೆ. ಆದರೆ ಜಪಾನಿನಿಂದ ಸೋನಿ ತರಿಸುವವರು ಹುಷಾರು. ಇಲ್ಲಿನ ಮಾರುಕಟ್ಟೆಗೆ ಬರುವ ಎಷ್ಟೋ ಸೋನಿ ಮಾಡೆಲ್‌ಗಳಲ್ಲಿ ಮೆನು ಜಪಾನೀಸ್‌ನಲ್ಲಿ ಮಾತ್ರ ಇರುತ್ತದೆ, ಭಾಷೆ ಬದಲಿಸಲು ಆಗಲ್ಲ. ಹಾಸನದಲ್ಲಿ ನಮ್ಮ ಚಿಕ್ಕಪ್ಪ ಅಂಥದ್ದೊಂದು ಇಟ್ಟುಕೊಂಡು ಚಿತ್ರ ನೋಡಿ ಬಟನ್ ಒತ್ತುತ್ತಾರೆ.

ಗಿರ್ಕಿ:
ಚಿಕ್ಕಪ್ಪ ಈ ಹೊತ್ತಿಗೆ ಜಪಾನೀಸ್ ಕಲಿತಿರಬೇಕು.

ಟೋಕಿಯೋಕನ್ನಡಿಗ:
ನನಗಿಂತ ಚೆನ್ನಾಗಿ ಓದುತ್ತಾರೆ.

ಬಯಲುಸೀಮೆ:
ನಮ್ಮ ಕಡೆ ಗ್ರೇ ಮಾರ್ಕೆಟ್ ಹಾವಳಿ ಬಹಳ ಐತ್ರಿ. ಹೊರಗಿಂದ ತಂದ ಮಾಲು, ಸೀಲ್ ಪ್ಯಾಕ್, ರೇಟ್ 8-10 ಸಾವಿರ ಕಡಿಮೆ. ಬಿಲ್ ಕೇಳಿದರೆ "ಅಂಗಡಿ ವಾರಂಟಿ ಕೊಡುತ್ತೇವೆ" ಅನ್ನುತ್ತಾರೆ. ನನ್ನ ಗೆಳೆಯ ತಗೊಂಡ. ಆರು ತಿಂಗಳಿಗೆ ಫೋಕಸ್ ನಿಂತಿತು. ಅಷ್ಟರೊಳಗೆ ಆ ಅಂಗಡಿ ಜಾಗದಲ್ಲಿ ಬೇಕರಿ ಬಂದಿತ್ತು. ಇಂಡಿಯಾ ವಾರಂಟಿ ಕಾರ್ಡ್, ಜಿಎಸ್‌ಟಿ ಬಿಲ್, ಎರಡೂ ಇಲ್ಲದೆ ಹೊಸ ಕ್ಯಾಮೆರಾ ಮುಟ್ಟಬ್ಯಾಡ್ರಿ.

ಮಳೆಗಾಲ:
ಕ್ಯಾಮೆರಾ ಯಾವುದಾದರೂ ತಗೊಳ್ಳಿ ಮೇಡಂ, ಮೊದಲು ಅದನ್ನು ಎಲ್ಲಿ ಇಡುತ್ತೀರಿ ಹೇಳಿ. ನಾನು ಆಗುಂಬೆ ಕಡೆಯವನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಲೆನ್ಸಿನ ಗಾಜಿನ ಮೇಲೆ ಬಂದರೆ ಕೋಟಿಂಗ್ ತಿಂದುಹಾಕುತ್ತದೆ, ಒರೆಸಿದರೂ ಗುರುತು ಹೋಗಲ್ಲ. ಸಾಗರದಲ್ಲೂ ಏನೂ ಕಡಿಮೆ ಇಲ್ಲ.

ಚರ್ಮದ ಕವರಿನಲ್ಲಿ ಇಡಲೇಬೇಡಿ, ಅದು ತೇವ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ತೇವಮಾಪಕ. ಶೇಕಡಾ 40ರಿಂದ 50ರೊಳಗೆ ಇರಬೇಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ತುಂಬಿದೆ ಅಂತ ಅರ್ಥ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಅಡುಗೆಗೆ ಬಳಸುವ ಬಾಣಲೆ ಬೇಡ.

ಮೊಬೈಲ್‌ಮಂಜ:
ಅಕ್ಕಿ ಡಬ್ಬಿಯಲ್ಲಿ ಇಟ್ಟರೆ? ಫೋನ್ ನೀರಿಗೆ ಬಿದ್ದರೆ ಹಾಗೇ ಮಾಡುವುದಲ್ವಾ.

ಮಳೆಗಾಲ:
ಅಕ್ಕಿಯ ಪುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ಜೊತೆಗೆ ಮಳೆಗಾಲದಲ್ಲಿ ನಮ್ಮಲ್ಲಿ ಅಕ್ಕಿಗೇ ತೇವ.

ಕನ್ನಡಿಪ್ರೇಮಿ:
ನಮ್ಮ ಅಪ್ಪ ಬೀರುವಿನಲ್ಲಿ 15 ವ್ಯಾಟ್ ಬಲ್ಬ್ ಉರಿಸಿ ಕ್ಯಾಮೆರಾ ಇಡುತ್ತಿದ್ದರು. ಆಗಿನ ಲೆನ್ಸ್ ಈಗಲೂ ಸ್ಪಟಿಕದ ಹಾಗಿದೆ. ಬಳಸದೆ ಇಟ್ಟ ಲೆನ್ಸಿಗೇ ಬೂಸ್ಟು ಬರುವುದು ಜಾಸ್ತಿ. ವಾರಕ್ಕೊಮ್ಮೆ ಹೊರಗೆ ತೆಗೆದು ಬಿಸಿಲು, ಗಾಳಿ ತೋರಿಸಿ.

ತಿರುಪುಮೊಳೆ:
ಬಿಸಿಲು ಅಂದರೆ ಬೆಳಕು. ಲೆನ್ಸನ್ನು ನೇರ ಬಿಸಿಲಿಗೆ ಮುಖ ಮಾಡಿ ಒಣಹಾಕಬೇಡಿ, ಭೂತಗನ್ನಡಿ ಕೆಲಸ ಮಾಡಿ ಒಳಗೆ ಸುಡುತ್ತದೆ.

ರೋಲ್‌ಮೂವತ್ತಾರು:
ಇದನ್ನೆಲ್ಲ ಓದುತ್ತಿದ್ದರೆ ನಗು ಬರುತ್ತದೆ. ನಮ್ಮ ಕಾಲದಲ್ಲಿ ರೋಲಿಗೆ 36 ಫೋಟೋ. ತೊಳೆಸಿ ನೋಡುವವರೆಗೆ ಏನು ಬಂದಿದೆ ಗೊತ್ತಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಕಪ್ಪು ಬಿಳುಪು ಫೋಟೋಗೆ ಜಗತ್ತಿನಾದ್ಯಂತ ಹೆಸರಾದವರು. ಮೂಡಿಗೆರೆಯಲ್ಲಿ ತೇಜಸ್ವಿ ಹಕ್ಕಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು. ಕಾಡುಪ್ರಾಣಿಗಳ ಫೋಟೋ ತೆಗೆಯುತ್ತಿದ್ದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಇವರು ಯಾರಿಗೂ ಕಣ್ಣು ಗುರುತು ಹಿಡಿಯುವ ಕ್ಯಾಮೆರಾ ಇರಲಿಲ್ಲ. ಫಿಲ್ಮಿನಲ್ಲಿ, ಕೈಯಲ್ಲೇ ಫೋಕಸ್ ಮಾಡಿ ತೆಗೆದರು.

ಹೊಸಗಾಳಿ:
ಯಜಮಾನರೇ, ಅವರು ಕೈಯಲ್ಲಿ ಇದ್ದದ್ದರಲ್ಲಿ ಒಳ್ಳೆಯದನ್ನೇ ಬಳಸಿದರು. ಈಗ ಇದ್ದಿದ್ದರೆ ಅವರೂ ಮಿರರ್‌ಲೆಸ್ಸೇ ಹಿಡಿಯುತ್ತಿದ್ದರು.

ರೋಲ್‌ಮೂವತ್ತಾರು:
ಇರಬಹುದು. ಆದರೆ ಸೆಕೆಂಡಿಗೆ ಹದಿನೈದು ಫೋಟೋ ಹೊಡೆದು, ಮನೆಗೆ ಬಂದು ಎರಡು ಸಾವಿರ ಫೋಟೋ ಮುಂದೆ ತಲೆ ಮೇಲೆ ಕೈ ಹೊತ್ತು ಕೂರುತ್ತಿರಲಿಲ್ಲ. ಮೇಡಂ, ಹಕ್ಕಿ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಹಿತ್ತಲಿನಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಪಕ್ಕದಲ್ಲಿ ಒಂದು ಒಣ ಕೊಂಬೆ ನೆಡಿ. ಹಕ್ಕಿ ಮೊದಲು ಕೊಂಬೆಗೆ ಬರುತ್ತದೆ, ಆಮೇಲೆ ನೀರಿಗೆ. 300 ಎಂಎಂ ಅಲ್ಲ, 200 ಕೂಡ ಸಾಕಾಗುತ್ತದೆ.

ಬಯಲುಸೀಮೆ:
ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿದರೂ ಹತ್ತಿರ ಬರುತ್ತವಲ್ರೀ.

ಮಳೆಗಾಲ:
ದಯವಿಟ್ಟು ಬೇಡ. ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಅಂತ ತಿಳಿದು ಅದು ಒದ್ದಾಡುತ್ತದೆ. ಮರಿ ಇರುವ ಕಾಲದಲ್ಲಿ ಗೂಡು ಬಿಟ್ಟು ಬರುತ್ತದೆ. ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯುವುದೂ ಬೇಡ. ನಾವು ಮಾಡಿದ ದಾರಿಯಲ್ಲೇ ಬೆಕ್ಕು, ಕಾಗೆ ಹೋಗುತ್ತವೆ.

ಬಯಲುಸೀಮೆ:
ಅಷ್ಟು ಯೋಚನೆ ಮಾಡಿರಲಿಲ್ಲ ಬಿಡ್ರಿ. ಬೀಡಾಡಿ ಪ್ರಶ್ನೆ ಆಯಿತು.

ನಿರ್ವಾಹಕ:
ಮೇಡಂ ಕೇಳಿದ್ದು ಕ್ಯಾಮೆರಾ. ಸ್ವಲ್ಪ ಹಳಿಗೆ ಬನ್ನಿ. ಫಿಲ್ಮ್ ಕಾಲದ ಮಾತಿಗೆ ಬೇರೆ ಎಳೆ ಇದೆ.

ಹಿತ್ತಲಬಾಗಿಲು:
ಇಲ್ಲ ಇಲ್ಲ, ನೀರಿನ ತಟ್ಟೆಯ ವಿಷಯ ನನಗೆ ಬಹಳ ಉಪಯೋಗ ಆಯಿತು!

ಮತ್ತೆ ಶಿವಮೊಗ್ಗಕ್ಕೆ ಹೋಗಿದ್ದೆ. ಆರ್50 ಕೈಯಲ್ಲಿ ಹಿಡಿದು ನೋಡಿದೆ. ಹಗುರ, ಮುದ್ದಾಗಿದೆ. ನನ್ನ ಕಿರುಬೆರಳು ಮಾತ್ರ ಹೊರಗೇ ಉಳಿಯಿತು. ಪರಿಚಯದವರ ಹತ್ತಿರ ಡಿ5600 ಇತ್ತು, ಅದನ್ನೂ ಹಿಡಿದೆ. ಹಿಡಿತ ಚೆನ್ನಾಗಿದೆ, ಆದರೆ ಒಳಗೆ ಎಲ್ಲ ಮಂಜು ಮಂಜು ಕಾಣಿಸಿತು. ನಾನು ಕನ್ನಡಕ ಹಾಕುತ್ತೇನೆ. ಅದಕ್ಕೇ ಇರಬಹುದಾ? ಹಾಗಾದರೆ ಡಿಎಸ್‌ಎಲ್‌ಆರ್ ನನಗೆ ಆಗಲ್ವಾ?

ತಿರುಪುಮೊಳೆ:
ಆಗುತ್ತದೆ. ಕಣ್ಣಿಡುವ ಜಾಗದ ಪಕ್ಕದಲ್ಲಿ ಡಯಾಪ್ಟರ್ ಅಂತ ಸಣ್ಣ ತಿರುಗಣಿ ಇರುತ್ತದೆ. ಒಳಗಿನ ಅಂಕಿಗಳು ಸ್ಪಷ್ಟ ಆಗುವವರೆಗೆ ಅದನ್ನು ತಿರುಗಿಸಿ. ಕ್ಯಾಮೆರಾದವರ ಕಣ್ಣಿಗೆ ಹೊಂದಿಸಿಟ್ಟದ್ದನ್ನು ನೀವು ನೋಡಿದ್ದೀರಿ, ಅಷ್ಟೆ. ಮಿರರ್‌ಲೆಸ್‌ನಲ್ಲೂ ಇದೇ ಇರುತ್ತದೆ.

ಒಂದು ಮಾತು ಸೇರಿಸುತ್ತೇನೆ. ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ಇವುಗಳಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲ. ಯಾರಾದರೂ ಅಗ್ಗಕ್ಕೆ ಸಿಗುತ್ತದೆ ಅಂದರೆ ಹಕ್ಕಿಗೆ ಬೇಡ ಅನ್ನಿ. ಬಿಸಿಲಲ್ಲಿ ಸ್ಕ್ರೀನ್ ಕಾಣಲ್ಲ, ಉದ್ದ ಲೆನ್ಸ್ ಹಿಡಿದು ಕೈ ಚಾಚಿದರೆ ನಡುಕ.

ವಿಡಿಯೋವಿನಯ:
ಝಡ್‌ವಿ-ಇ10 ಬಗ್ಗೆ ಹಗುರವಾಗಿ ಮಾತಾಡಬೇಡಿ, ವಿಡಿಯೋಗೆ ಅದು ಬಹಳ ಚೆನ್ನ. ಮೇಡಂ, ಅಣ್ಣನ ಪ್ರವೇಶ, ಕುಣಿತ ವಿಡಿಯೋ ಬೇಡವಾ?

ಹಿತ್ತಲಬಾಗಿಲು:
ಅದಕ್ಕೆ ಯೂಟ್ಯೂಬಿನವರು ಮೂರು ಜನ ಟ್ರೈಪಾಡ್ ಹಾಕಿಕೊಂಡು ನಿಂತಿರುತ್ತಾರೆ. ನನಗೆ ಫೋಟೋ ಸಾಕು.

ಕನ್ನಡಿಪ್ರೇಮಿ:
ನೂರು ಸಾಲಿನ ಚರ್ಚೆಯಲ್ಲಿ ಮೊದಲ ಸ್ಪಷ್ಟ ವಾಕ್ಯ.

ಬೆಳಕಿಂಡಿ:
ಹಾಗಿದ್ದರೆ ಹಳೇಗಿರಾಕಿಯವರ ಸಲಹೆಗೇ ನನ್ನ ವೋಟು. ಬೇಕಿದ್ದರೆ ಮೊದಲು ಬಾಡಿಗೆಗೆ ತಂದು ನೋಡಿ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಬಾಡಿ, ಲೆನ್ಸ್ ಎರಡೂ ಸಿಗುತ್ತವೆ. ರಂಗನತಿಟ್ಟಿಗೋ, ಕೊಕ್ಕರೆ ಬೆಳ್ಳೂರಿಗೋ ಹೋಗುವಾಗ ದೊಡ್ಡ ಲೆನ್ಸ್ ಹಾಗೇ ತಂದರಾಯಿತು, ಕೊಳ್ಳಬೇಕಾಗಿಲ್ಲ. ನಿಮಗೆ ಹತ್ತಿರ ಗುಡವಿ ಪಕ್ಷಿಧಾಮ ಇದೆಯಲ್ಲ, ಮಳೆಗಾಲದಲ್ಲಿ ಬಿಳಿ ಕೆಂಬರಲು ಗೂಡು ಕಟ್ಟಿರುತ್ತವೆ.

ಹೊಸಗಾಳಿ:
ನನ್ನದು ಭಿನ್ನಮತ ಅಂತ ಬರೆದಿಟ್ಟುಕೊಳ್ಳಿ. ಬಜೆಟ್ 90 ಇದ್ದಿದ್ದರೆ ಡಿ5600 ಮಾತೇ ಬರುತ್ತಿರಲಿಲ್ಲ. ಒಂದು ವರ್ಷ ಕಾದು ದುಡ್ಡು ಸೇರಿಸಿ ನಿಕಾನ್ ಝಡ್50-2 ಥರದ್ದು ತಗೊಳ್ಳಬಹುದಲ್ವಾ?

ಚೌಕಿಮನೆ:
ಒಂದು ವರ್ಷ ಅಂದರೆ ಅಣ್ಣನ ಒಂದು ತಿರುಗಾಟ (ಆಟದ ಹಂಗಾಮು) ಹೋಯಿತು. ಕಾಯುವುದಕ್ಕೆ ಅರ್ಥ ಇಲ್ಲ.

ತಿರುಪುಮೊಳೆ:
ಮುಂದೆ ನಿಕಾನ್‌ನ ಮಿರರ್‌ಲೆಸ್ ಝಡ್ ಬಾಡಿಗೆ ಹೋದರೂ ಎಎಫ್-ಪಿ 70-300, 50 ಎಂಎಂ ಜಿ ಎರಡೂ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಆಟೋಫೋಕಸ್ ಸಮೇತ ನಡೆಯುತ್ತವೆ. ಲೆನ್ಸ್ ದುಡ್ಡು ನೀರಿಗೆ ಹೋಗಲ್ಲ. ಆದ್ದರಿಂದ ಹೊಸಗಾಳಿಯವರು ಸಿಟ್ಟಾಗಬೇಕಾಗಿಲ್ಲ.

ಹಿತ್ತಲಬಾಗಿಲು:
ಸರಿ. ಶಿರಸಿಯಲ್ಲಿ ಒಬ್ಬರ ಹತ್ತಿರ ಡಿ5600 ಎರಡು ಲೆನ್ಸ್ ಸಮೇತ ಇದೆಯಂತೆ. ಬಿಲ್ ಇದೆ. ಜೆಪೆಗ್ ಕಳಿಸಿದರು, ನನ್ನ ಶಾಲೆಯ ಹುಡುಗನೊಬ್ಬ ತೆರೆದು ನೋಡಿ ಶಟರ್ ಕೌಂಟ್ 9 ಸಾವಿರದ ಚಿಲ್ಲರೆ ಅಂದ. ಭಾನುವಾರ ಟಾರ್ಚ್ ಹಿಡಿದುಕೊಂಡು ಹೋಗುತ್ತೇನೆ. ಲೆನ್ಸ್ ಚೆನ್ನಾಗಿದ್ದರೆ ತಗೊಳ್ಳುವುದೇ. 50 ಎಂಎಂ ಜಿ ದೀಪಾವಳಿ ಹೊತ್ತಿಗೆ.

ಕಾರ್ಡ್ ಯಾವುದು ಹಾಕಲಿ? ಮತ್ತೆ ಚೌಕಿಮನೆಯವರೇ, ಆಟಕ್ಕೆ ಯಾವ ಸೆಟ್ಟಿಂಗ್ ಇಟ್ಟು ಶುರು ಮಾಡಲಿ?

ಹಳೇಗಿರಾಕಿ:
ಕಾರ್ಡ್ 64 ಜಿಬಿ, ವಿ30 (ವೇಗದ ಗುರುತು) ಅಂತ ಬರೆದಿರುವುದು. ಒಂದು 128ರ ಬದಲು ಎರಡು 64 ಇಟ್ಟುಕೊಳ್ಳಿ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಅರ್ಧ ರೇಟಿಗೆ ಸಿಕ್ಕಿದರೆ ನಕಲಿ ಅಂತಲೇ ತಿಳಿಯಿರಿ. ಕಂಪ್ಯೂಟರಿಗೆ ಹಾಕಿ ಪೂರ್ತಿ ತುಂಬಿಸಿ, ವಾಪಸ್ ತೆರೆದು ನೋಡಿ. ನಕಲಿ ಆದರೆ ಅರ್ಧ ಫೈಲ್ ತೆರೆಯುವುದಿಲ್ಲ.

ಚೌಕಿಮನೆ:
50 ಎಂಎಂ ಹಾಕಿ, ಮ್ಯಾನುಯಲ್ ಮೋಡ್. ಅಪರ್ಚರ್ ಎಫ್ 2, ಶಟರ್ 250ನೇ ಒಂದು ಸೆಕೆಂಡ್, ಐಎಸ್‌ಒ 1600ರಿಂದ ಶುರು ಮಾಡಿ 3200ರವರೆಗೆ. ಗಿರಕಿ ಹೊಡೆಯುವಾಗ ಶಟರ್ 500ಕ್ಕೆ ಏರಿಸಿ. ಅರ್ಥ, ಅಂದರೆ ಮಾತು, ಹೇಳುತ್ತಾ ನಿಂತಾಗ 100ಕ್ಕೆ ಇಳಿಸಿ. ನಮ್ಮ ಕರೆಂಟ್ 50 ಹರ್ಟ್ಸ್, ಕೆಲವು ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಟುಕುತ್ತವೆ. 100ನೇ ಒಂದರಲ್ಲಿ ತೆಗೆದರೆ ಬೆಳಕು ಒಂದೇ ಸಮ ಬರುತ್ತದೆ, 500ರಲ್ಲಿ ಒಂದು ಫೋಟೋ ಕಪ್ಪು ಒಂದು ಬಿಳಿ ಬಂದರೆ ಕ್ಯಾಮೆರಾ ಕೆಟ್ಟಿದೆ ಅಂತ ಗಾಬರಿ ಆಗಬೇಡಿ. ಕೆಂಪು ಹಸಿರು ಲೈಟ್ ಹಾಕುವ ಕಡೆ ರಾ ಫೈಲಿನಲ್ಲಿ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸಿಡುವ ಫೈಲ್) ತೆಗೆಯಿರಿ, ಆಮೇಲೆ ಬಣ್ಣ ಸರಿ ಮಾಡಬಹುದು.

ಮುಂದಿನ ಚಾಪೆಯಲ್ಲಿ ಕೂತುಕೊಳ್ಳಿ. ನಿಂತರೆ ಹಿಂದಿನವರು ಬೈಯುತ್ತಾರೆ, ಕೂತು ತೆಗೆದರೆ ವೇಷವೂ ಎತ್ತರ ಕಾಣುತ್ತದೆ. ಆಟ ಶುರುವಾಗುವ ಮೊದಲು ಚೌಕಿಗೆ (ಬಣ್ಣ ಹಚ್ಚುವ ಮನೆಗೆ) ಹೋಗಿ ಕೇಳಿಕೊಂಡು ಬಣ್ಣ ಹಚ್ಚುವಾಗಿನ ಫೋಟೋ ತೆಗೆಯಿರಿ. ಕನ್ನಡಿ ಪಕ್ಕದ ದೀಪದ ಬೆಳಕು ಬಹಳ ಚೆನ್ನಾಗಿರುತ್ತದೆ. ಫ್ಲಾಶ್ ಮಾತ್ರ ಎಲ್ಲೂ ಬೇಡ. ಡಿ5600 ಆಟೋದಲ್ಲಿದ್ದರೆ ತಲೆಯ ಮೇಲಿನ ಫ್ಲಾಶ್ ತಾನೇ ಎದ್ದು ನಿಲ್ಲುತ್ತದೆ, ಅದಕ್ಕೂ ಮ್ಯಾನುಯಲ್‌ನಲ್ಲೇ ಇಡಿ.

ಮೊಬೈಲ್‌ಮಂಜ:
ಫೋನಾದರೆ ಇಷ್ಟೆಲ್ಲ ಬೇಡ. ಸುಮ್ನೆ ಹೇಳಿದೆ.

ಹೊಸಗಾಳಿ:
ಎರಡು ವರ್ಷದೊಳಗೆ ಮೇಡಂ ಮಿರರ್‌ಲೆಸ್‌ಗೆ ಬರುತ್ತಾರೆ, ನೋಡುತ್ತಿರಿ.

ಕನ್ನಡಿಪ್ರೇಮಿ:
ಬರಲಿ. ಆ ಡಿ5600 ಮಾರುವಾಗ ಮೊದಲು ನನಗೆ ಹೇಳಿ ಮೇಡಂ, ಮಗಳಿಗೆ ಬೇಕು.